ಹಾರಾಟ ಮತ್ತು ಹಾರಾಟದ ಆಟ

(ರೇಡಿಯೋ ಭಾಷಣ)



ರಾಯಚೂರಿನವನೊಬ್ಬನು ವಿಮಾನ ಹಾರಿಸುವ ಹವ್ಯಾಸವನ್ನು ಕುರಿತು ಮಾತನಾಡಹೊರಟರೆ ಕೇಳಿದವರು ನಕ್ಕಾರು. ನಮ್ಮದು ಬಿಸಿಲಿಗೂ ಹತ್ತಿಗೂ ಭತ್ತಕ್ಕೂ ಹೆಸರಾದ ನೆಲ. ನಮಗೆ ಗೊತ್ತಿರುವ ದೂರಪ್ರಯಾಣವೆಂದರೆ ರೈಲಿನದು. ಮುಂಬಯಿಯ ಕಡೆಯಿಂದ ಬಂದ ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ 1871ರಲ್ಲಿ ಒಂದನ್ನೊಂದು ಕೂಡಿಕೊಂಡದ್ದು ನಮ್ಮ ಊರಿನಲ್ಲಿಯೇ. ಆಕಾಶದ ದಾರಿ ಮಾತ್ರ ನಮ್ಮಲ್ಲಿಗೆ ಇಳಿದು ಬರಲಿಲ್ಲ. ಯರಮರಸ್ ಹತ್ತಿರ ವಿಮಾನ ನಿಲ್ದಾಣವಾಗುತ್ತದೆಂಬ ಮಾತನ್ನು ಕೇಳುತ್ತ ಕೇಳುತ್ತ ನನ್ನ ತಲೆ ಬೆಳ್ಳಗಾಯಿತು.

ಹಾಗಿದ್ದೂ ಈ ವಿಷಯವನ್ನು ಆರಿಸಿಕೊಂಡುದಕ್ಕೆ ನಮ್ಮ ಮನೆಯಲ್ಲಿಯೇ ನಡೆದ ಸಂಗತಿಯೊಂದು ಕಾರಣ. ನನ್ನ ತಮ್ಮ ಮಾನ್ವಿ ತಾಲ್ಲೂಕಿನಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾನೆ. ಅವನ ಮಗ ಈಗ ದೇವದುರ್ಗದ ಒಂದು ಕಚೇರಿಯಲ್ಲಿ ಗುಮಾಸ್ತ. ಹಗಲೆಲ್ಲ ಕಡತಗಳ ನಡುವೆ ಇರುತ್ತಾನೆ. ರಾತ್ರಿ ಊಟವಾದ ಮೇಲೆ ತನ್ನ ಬಾಡಿಗೆಯ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ವಿಮಾನ ಹಾರಿಸುತ್ತಾನೆ. ಮೇಜಿಗೆ ಬಿಗಿದ ಒಂದು ಹಿಡಿಗೋಲು, ಕಾಲಿನ ಕೆಳಗೆ ಎರಡು ತುಳಿಹಲಗೆ, ಗೋಡೆಯ ಮೇಲೆ ಭೂಪಟ. ಇಷ್ಟೇ ಅವನ ಸಲಕರಣೆ. ಮೊದಲ ಸಲ ಅದನ್ನು ಕಂಡಾಗ ನಾನು ಹಿರಿಯರ ಸಹಜ ಧಾಟಿಯಲ್ಲಿ ಕೇಳಿದೆ:

‘ಏನೋ ಇದು, ಸಣ್ಣ ಹುಡುಗರ ಆಟ ಹಚ್ಚೀಯಲ್ಲ?’

‘ದೊಡ್ಡಪ್ಪ, ಸ್ವಲ್ಪ ಸುಮ್ನ ಕುಂದ್ರಿ. ಇಳಿಸಾಕತ್ತೀನಿ.’

‘ಬಿದ್ರ ಏನಾಗ್ತದ?’

‘ಏನೂ ಆಗಂಗಿಲ್ಲ’ ಎಂದವನು ಕೊಂಚ ತಡೆದು, ‘ಇದರಾಗಿನ ಕೊರತಿ ಅದ ನೋಡ್ರಿ’ ಎಂದ.

ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಬಿದ್ದರೆ ಏನೂ ಆಗದಿರುವುದು ಗುಣವಾಗಬೇಕಲ್ಲವೇ? ಅದು ಕೊರತೆ ಹೇಗಾದೀತು? ಇಂದಿನ ಮಾತೆಲ್ಲ ಈ ಒಂದು ಪ್ರಶ್ನೆಯನ್ನು ಹಿಡಿದು ಹೊರಟದ್ದು.

ನೆಲದ ಮೇಲೆ ಕುಳಿತೇ ಹಾರಾಟದ ಅನುಭವವನ್ನು ಕೊಡುವ ಯಂತ್ರಕ್ಕೆ ಸಿಮ್ಯುಲೇಟರ್ ಎಂದು ಹೆಸರು. ಕನ್ನಡದಲ್ಲಿ ಅಣಕು ಹಾರಾಟವೆಂದು ಹೇಳೋಣ. ಅಣಕವೆಂದರೆ ಇಲ್ಲಿ ಅಪಹಾಸ್ಯವಲ್ಲ, ಅನುಕರಣೆ. ಈ ಯೋಚನೆ ಹೆಚ್ಚುಕಡಿಮೆ ವಿಮಾನದಷ್ಟೇ ಹಳೆಯದು. ರೈಟ್ ಸಹೋದರರು ಹಾರಿದ್ದು 1903ರಲ್ಲಿ. ಅದಾಗಿ ಏಳೆಂಟು ವರ್ಷ ಕಳೆಯುವಷ್ಟರಲ್ಲಿಯೇ ಫ್ರಾನ್ಸಿನಲ್ಲಿ ಆಂತ್ವಾನೆಟ್ ಎಂಬ ವಿಮಾನವನ್ನು ನಡೆಸಲು ಕಲಿಯುವವರಿಗಾಗಿ ಅರ್ಧ ಕೊಯ್ದ ಪೀಪಾಯಿಗಳ ಒಂದು ಆಸನವನ್ನು ಮಾಡಿದ್ದರು. ಕಲಿಯುವವನು ಮೇಲೆ ಕೂರುವನು. ಕೆಳಗೆ ನಿಂತವರು ಪೀಪಾಯಿಯನ್ನು ಕೈಯಿಂದ ಅತ್ತಿತ್ತ ವಾಲಿಸುವರು. ಅವನು ತನ್ನ ಹಿಡಿಗಳನ್ನು ತಿರುವಿ ಸಮತೋಲ ಕಾಯುವುದನ್ನು ರೂಢಿಸಿಕೊಳ್ಳಬೇಕು. ನಮ್ಮ ಮಕ್ಕಳನ್ನು ಮೊದಲು ಕಟ್ಟಿಗೆಯ ಕುದುರೆಯ ಮೇಲೆ ಕೂರಿಸಿದ ಹಾಗೆ.

ಈ ಯಂತ್ರಕ್ಕೆ ಸರಿಯಾದ ರೂಪ ಬಂದ ಕಥೆ ನಮ್ಮ ಕಡೆಯ ಸಂಗೀತಪ್ರಿಯರಿಗೆ ಹಿಡಿಸೀತು. ಅಮೆರಿಕದ ಬಿಂಗ್‌ಹ್ಯಾಂಟನ್ ಎಂಬ ಊರಿನಲ್ಲಿ ಪಿಯಾನೋ ಮತ್ತು ಆರ್ಗನ್ ವಾದ್ಯಗಳನ್ನು ತಯಾರಿಸುವ ಕಾರ್ಖಾನೆಯಿತ್ತು. ಅದರ ಮಾಲೀಕನ ಮಗ ಎಡ್ವಿನ್ ಲಿಂಕ್. ಅವನಿಗೆ ಹಾರುವ ಹುಚ್ಚು. ಆದರೆ ಹಾರಾಟ ಕಲಿಯುವುದು ಆಗಲೂ ಕೈ ಸುಡುವ ಬಾಬತ್ತು. ವಾದ್ಯಗಳಿಗೆ ಗಾಳಿಯೂಡುವ ತಿದಿಗಳನ್ನು ಬಾಲ್ಯದಿಂದ ಬಿಚ್ಚಿ ಜೋಡಿಸಿದ ಕೈ ಅವನದು. ಆ ತಿದಿಗಳ ಮೇಲೆಯೇ ಪುಟ್ಟ ರೆಕ್ಕೆಗಳ ಒಂದು ಮರದ ಪೆಟ್ಟಿಗೆಯನ್ನು ಕೂರಿಸಿದ. ಹಿಡಿಗೋಲನ್ನು ಎಡಕ್ಕೆ ಒತ್ತಿದರೆ ಒಂದು ತಿದಿ ಕುಸಿದು ಇನ್ನೊಂದು ಉಬ್ಬುವುದು, ಪೆಟ್ಟಿಗೆ ವಾಲುವುದು. ಇದು ನಡೆದದ್ದು 1929ರಲ್ಲಿ. ನಾಟಕ ಕಂಪನಿಯ ಹಾರ್ಮೋನಿಯಂ ಮಾಸ್ತರರು ಎಡಗೈಯಲ್ಲಿ ಒತ್ತುವ ತಿದಿಯ ದೂರದ ಬಂಧುವೇ ವೈಮಾನಿಕರಿಗೆ ಗುರುವಾದದ್ದು ಹೀಗೆ.

ಮೊದಮೊದಲು ಅದನ್ನು ಕೊಂಡವರು ಜಾತ್ರೆ, ವಿನೋದವನಗಳಲ್ಲಿ ಕಾಸು ಹಾಕಿಸಿಕೊಂಡು ಆಟವಾಡಿಸುವವರು. 1934ರಲ್ಲಿ ಅಮೆರಿಕದ ಸೈನ್ಯಕ್ಕೆ ಅಂಚೆ ಸಾಗಿಸುವ ಕೆಲಸ ಬಿತ್ತು. ಮೋಡ ಮಂಜುಗಳಲ್ಲಿ ಮೀಟರುಗಳನ್ನು ಮಾತ್ರ ನೋಡಿ ಹಾರುವ ಅಭ್ಯಾಸವಿಲ್ಲದ ಹಲವು ತರುಣರು ಕೆಲವೇ ವಾರಗಳಲ್ಲಿ ಪ್ರಾಣ ಕಳೆದುಕೊಂಡರು. ಆಗ ಸೈನ್ಯದವರಿಗೆ ಲಿಂಕನ ನೆನಪಾಯಿತು. ಗೊತ್ತುಪಡಿಸಿದ ದಿನ ದಟ್ಟ ಮಂಜು ಮುಸುಕಿತ್ತು. ಇಂಥ ಹವೆಯಲ್ಲಿ ಆತ ಬರಲಾರನೆಂದು ಅಧಿಕಾರಿಗಳು ಹೊರಟು ನಿಂತಾಗ ಲಿಂಕನ ವಿಮಾನ ಆ ಮಂಜನ್ನು ಭೇದಿಸಿಕೊಂಡು ಬಂದು ಇಳಿಯಿತಂತೆ. ಅಂದಿನ ಮಾತುಕತೆಯ ಫಲವಾಗಿ ಸೈನ್ಯ ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಲಕ್ಷಾಂತರ ವೈಮಾನಿಕರು ಆ ಪೆಟ್ಟಿಗೆಯೊಳಗೆ ಕುಳಿತು ಎದ್ದಿದ್ದರು. ಜಾತ್ರೆಯ ಆಟಿಕೆಯೆಂದು ಜನ ನಕ್ಕ ವಸ್ತು ಪ್ರಾಣರಕ್ಷಣೆಯ ಉಪಕರಣವಾಯಿತು. ಆದುದರಿಂದ ನಮ್ಮ ಹುಡುಗನ ಮೇಜನ್ನು ನೋಡಿ ನಾನು ಆಡಿದ ಮೊದಲ ಮಾತು ಅಜ್ಞಾನದ್ದೆಂದು ಒಪ್ಪಿಕೊಳ್ಳಬೇಕು.

ಇನ್ನು ನಿಜವಾದ ಹಾರಾಟ. ಕರ್ನಾಟಕಕ್ಕೆ ಇದು ಹೊಸದಲ್ಲ. ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಆರಂಭಿಸಿದ್ದು 1940ರಲ್ಲಿ. ಅಲ್ಲಿ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ಎಂಬ ತರಬೇತಿ ವಿಮಾನ 1951ರಲ್ಲಿ ಹಾರಿತು. 1958ರಲ್ಲಿ ಅದೇ ಕಾರ್ಖಾನೆ ಇಬ್ಬರು ಕೂರುವ ಹಗುರವಾದ ಇನ್ನೊಂದು ವಿಮಾನವನ್ನು ಮಾಡಿ ದೇಶದ ಹಾರಾಟ ಸಂಘಗಳಿಗೆ ಒದಗಿಸಿತು. ಅದಕ್ಕಿಟ್ಟ ಹೆಸರು ಪುಷ್ಪಕ. ರಾಮಾಯಣದಿಂದ ತಂದ ಆ ಹೆಸರು ಹವ್ಯಾಸಿಗಳ ವಿಮಾನಕ್ಕೆ ಬಂದದ್ದು ಉಚಿತವೇ ಆಯಿತು. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ಹಾರಾಟ ತರಬೇತಿ ಶಾಲೆ ಹುಟ್ಟಿದ್ದು 1940ರ ದಶಕದ ಕೊನೆಯಲ್ಲಿ, ಮೈಸೂರು ಮಹಾರಾಜರು ಕೊಟ್ಟ ನೆಲದಲ್ಲಿ.

ನಮ್ಮ ರಾಯಚೂರು ಆಗ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ನಮ್ಮ ಹಿರಿಯರಿಗೆ ವಿಮಾನವೆಂದರೆ ಬೇಗಂಪೇಟೆ. ನಿಜಾಮ ಸರ್ಕಾರ ಟಾಟಾ ಏರ್‌ಲೈನ್ಸಿನವರೊಡನೆ ಕೂಡಿ 1945ರಲ್ಲಿ ಡೆಕ್ಕನ್ ಏರ್‌ವೇಸ್ ಎಂಬ ಕಂಪನಿಯನ್ನೇ ಕಟ್ಟಿತ್ತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಬೇಗಂಪೇಟೆ ಪರರಾಜ್ಯಕ್ಕೆ ಹೋಯಿತು, ಜಕ್ಕೂರು ದೂರವೇ ಉಳಿಯಿತು. ಕಲಬುರಗಿಯಲ್ಲಿ ವಿಮಾನ ನಿಲ್ದಾಣ ತೆರೆದದ್ದು 2019ರ ನವೆಂಬರಿನಲ್ಲಿ. ನಾನು ಹೇಳಹೊರಟಿರುವ ಸಂಗತಿ ಅದಕ್ಕೂ ಕೆಲವು ವರ್ಷ ಹಿಂದಿನದು.

ಹುಡುಗ ಪದವಿ ಮುಗಿಸಿದ್ದ. ಖಾಸಗಿ ವೈಮಾನಿಕನ ಪರವಾನಗಿಯನ್ನಾದರೂ ಪಡೆಯಬೇಕೆಂಬುದು ಅವನ ಆಸೆ. ಅದಕ್ಕೆ ಹದಿನೇಳು ವರ್ಷ ತುಂಬಿರಬೇಕು, ಲಿಖಿತ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು, ಕನಿಷ್ಠ 40 ಗಂಟೆ ಹಾರಿರಬೇಕು, ವೈದ್ಯರ ತಪಾಸಣೆಯಲ್ಲಿ ಗೆಲ್ಲಬೇಕು. ಒಂದೊಂದು ಗಂಟೆಯ ಹಾರಾಟಕ್ಕೂ ಸಾವಿರಾರು ರೂಪಾಯಿ. ನನ್ನ ತಮ್ಮ ಎರಡು ಎಕರೆ ಮಾರಿಬಿಡುತ್ತೇನೆಂದ. ‘ಹವ್ಯಾಸಕ್ಕ ಹೊಲ ಮಾರ್ತಾರೇನೋ?’ ಎಂದು ನಾನು ಗದರಿದೆ. ‘ಅಣ್ಣಾ, ನಾನು ಒಂದರ ಆಸೆ ತೀರಿಸಿಕೊಂಡೀನೇನು? ಅವನದಾರ ತೀರಲಿ’ ಎಂದು ಅವನು ನೆಲ ನೋಡುತ್ತ ಹೇಳಿದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮೊದಲು ಒಂದು ಸಲ ಹಾರಿ ನೋಡಲಿ ಎಂದು ಹುಡುಗನನ್ನು ಕರೆದುಕೊಂಡು ನಾನೇ ಬೆಂಗಳೂರಿಗೆ ಹೋದೆ.

ಜಕ್ಕೂರಿನಲ್ಲಿ ಇಬ್ಬರು ಕೂರುವ ಪುಟ್ಟ ವಿಮಾನ. ಹುಡುಗನಾದ ಮೇಲೆ ನಾನೂ ಹತ್ತಿದೆ. ಮುಪ್ಪಿನ ಅಂಚಿನಲ್ಲಿ ಇಂಥದೊಂದು ಚಪಲ ಬಂದಿತೆಂದು ಕ್ಷಮಿಸಬೇಕು. ಬಾಗಿಲು ಅಂಗಡಿಯ ಡಬ್ಬಿಯ ಮುಚ್ಚಳದಷ್ಟು ತೆಳ್ಳಗೆ. ಎಂಜಿನ್ನಿನ ನಡುಕ ಹಲ್ಲುಗಳವರೆಗೆ ಬರುತ್ತಿತ್ತು, ಮೂಗಿಗೆ ಪೆಟ್ರೋಲಿನ ವಾಸನೆ. ನೆಲ ಬಿಟ್ಟದ್ದು ಗೊತ್ತಾದದ್ದು ಕಣ್ಣಿಗಲ್ಲ. ಚಕ್ರಗಳ ಗಡಗಡ ಒಮ್ಮೆಗೇ ನಿಂತುಹೋದದ್ದರಿಂದ. ಕಾದ ಮನೆಗಳ ಮಾಳಿಗೆಯ ಮೇಲೆ ಹೋದಾಗ ಬಿಸಿಗಾಳಿ ವಿಮಾನವನ್ನು ಕೆಳಗಿನಿಂದ ಎತ್ತಿ ಒಗೆದಂತಾಯಿತು. ಜಕ್ಕೂರು ಕೆರೆಯ ಮೇಲೆ ಬಂದೊಡನೆ ಆ ಆಸರೆ ತಪ್ಪಿ ಹೊಟ್ಟೆ ಬಾಯಿಗೆ ಬಂತು. ಗಾಳಿಗೆ ಏರುತಗ್ಗುಗಳಿವೆಯೆಂದು ಪುಸ್ತಕದಲ್ಲಿ ಓದಿದ್ದೆ. ಅಂದು ಮೈಯಿಂದ ತಿಳಿದೆ.

ಹುಡುಗನ ಬಗೆಗೆ ಶಿಕ್ಷಕರು ಒಂದು ಕುತೂಹಲದ ಮಾತು ಹೇಳಿದರು. ‘ಇವನು ಮನೆಯಲ್ಲಿ ಕಂಪ್ಯೂಟರಿನ ಮೇಲೆ ಹಾರಿಸುತ್ತಾನಲ್ಲವೇ?’ ಎಂದು ತಾವಾಗಿಯೇ ಕೇಳಿದರು. ಹೇಗೆ ಗೊತ್ತಾಯಿತೆಂದರೆ, ಅವನ ಕಣ್ಣು ಮೀಟರುಗಳನ್ನು ಬಿಟ್ಟು ಏಳುತ್ತಿರಲಿಲ್ಲವಂತೆ. ವೇಗವೆಷ್ಟು, ಎತ್ತರವೆಷ್ಟು ಎಂಬುದನ್ನು ತಪ್ಪಿಲ್ಲದೆ ಹೇಳುತ್ತಿದ್ದನಂತೆ, ದಿಗಂತದ ಕಡೆ ಮಾತ್ರ ನೋಡುತ್ತಿರಲಿಲ್ಲವಂತೆ. ಕಡೆಗೆ ಶಿಕ್ಷಕರು ಮೀಟರುಗಳ ಮೇಲೆ ತಮ್ಮ ಅಂಗೈ ಮುಚ್ಚಿ, ಹೊರಗೆ ನೋಡಿ ಹಾರಿಸು ಎಂದರಂತೆ. ಪರದೆಯ ಮೇಲೆ ಕಲಿತವನಿಗೆ ಅಂಕಿಗಳು ಬೇಗ ಒಲಿಯುತ್ತವೆ, ಆಕಾಶ ತಡವಾಗಿ ಒಲಿಯುತ್ತದೆ. ಹವ್ಯಾಸಿಯ ಹಗಲಿನ ಹಾರಾಟದಲ್ಲಿ ಹೊರಗೆ ನೋಡುವುದೇ ಮೊದಲ ಪಾಠ, ಏಕೆಂದರೆ ಎದುರಿಗೆ ಇನ್ನೊಂದು ವಿಮಾನವೋ ಹದ್ದೋ ಬರುತ್ತಿದ್ದರೆ ಯಾವ ಮೀಟರೂ ಹೇಳದು.

ಎರಡನೆಯ ದಿನ ವೈದ್ಯರ ತಪಾಸಣೆ. ಬಣ್ಣಬಣ್ಣದ ಚುಕ್ಕೆಗಳ ನಡುವೆ ಅಂಕಿಗಳನ್ನು ಅಡಗಿಸಿಟ್ಟ ಪುಸ್ತಕವೊಂದನ್ನು ಅವನ ಮುಂದೆ ಹಿಡಿದರು. ನನಗೆ ಪಕ್ಕದಿಂದಲೇ ಕಾಣುತ್ತಿದ್ದ ಅಂಕಿ ಅವನಿಗೆ ಕಾಣಲಿಲ್ಲ. ಹಾಳೆ ತಿರುವಿದರು. ಅದೂ ಕಾಣಲಿಲ್ಲ. ಕೆಂಪು ಹಸಿರುಗಳ ಭೇದ ಅವನ ಕಣ್ಣಿಗೆ ಸರಿಯಾಗಿ ತಿಳಿಯದೆಂಬುದು ಇಪ್ಪತ್ತೊಂದು ವರ್ಷ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ವಿಮಾನ ನಡೆಸುವವನಿಗೆ ಇದು ಸಣ್ಣ ದೋಷವಲ್ಲ. ರಾತ್ರಿಯಲ್ಲಿ ವಿಮಾನದ ಎಡರೆಕ್ಕೆಯ ದೀಪ ಕೆಂಪು, ಬಲರೆಕ್ಕೆಯದು ಹಸಿರು. ಎದುರಿನವನು ಬರುತ್ತಿದ್ದಾನೋ ಹೋಗುತ್ತಿದ್ದಾನೋ ಎಂಬುದು ಇದರಿಂದಲೇ ತಿಳಿಯಬೇಕು. ರೇಡಿಯೋ ಕೆಟ್ಟಾಗ ನಿಲ್ದಾಣದ ಗೋಪುರದಿಂದ ತೋರಿಸುವ ದೀಪದಲ್ಲಿ ಹಸಿರೆಂದರೆ ಇಳಿ, ಕೆಂಪೆಂದರೆ ಇಳಿಯಬೇಡ. ರನ್‌ವೇ ಪಕ್ಕದಲ್ಲಿ ನಾಲ್ಕು ದೀಪಗಳ ಒಂದು ಸಾಲಿರುತ್ತದೆ: ಎರಡು ಬಿಳಿ ಎರಡು ಕೆಂಪು ಕಂಡರೆ ಇಳಿಯುವ ಎತ್ತರ ಸರಿ, ನಾಲ್ಕೂ ಕೆಂಪಾದರೆ ತೀರ ಕೆಳಗೆ ಬಂದಿದ್ದೀಯೆಂದು ಎಚ್ಚರಿಕೆ. ಅಂಥಲ್ಲಿ ಸಂಶಯಕ್ಕೆ ಎಡೆಯಿರಬಾರದು.

ಮರಳಿ ಬರುವಾಗ ರೈಲಿನಲ್ಲಿ ಹುಡುಗ ಮಾತಾಡಲಿಲ್ಲ. ಊರಿಗೆ ಬಂದು ವಿಷಯ ತಿಳಿಸಿದಾಗ ನನ್ನ ತಮ್ಮ ಮಗನ ಬೆನ್ನ ಮೇಲೆ ಕೈಯಾಡಿಸಿ ಹೊರಗೆ ಹೋಗಿ ಕುಳಿತ. ಬಹಳ ಹೊತ್ತಿನ ಮೇಲೆ ನನಗೊಬ್ಬನಿಗೇ ಕೇಳುವಂತೆ, ‘ಅಣ್ಣಾ, ಹೊಲ ಉಳೀತಲ್ಲ ಅಂತ ಒಂದು ಗಳಿಗಿ ಮನಸ್ಸಿಗೆ ಹಗುರಾತು. ಅದಕ್ಕ ನಾಚಿಕಿ ಆಗ್ಯಾದ’ ಎಂದ. ನನಗೂ ಹಾಗೆಯೇ ಆಗಿತ್ತೆಂದು ಅವನಿಗೆ ನಾನು ಇದುವರೆಗೆ ಹೇಳಿಲ್ಲ.

ಹುಡುಗನ ಕೋಣೆಯ ಮೇಜಿಗೆ ಹಿಡಿಗೋಲು ಬಂದದ್ದು ಇದಾದ ಮೇಲೆ.

ಇಂಥ ಮೇಜಿನ ಹಾರಾಟದ ಚರಿತ್ರೆಯೂ ಸ್ವಾರಸ್ಯವಾದುದು. ಬ್ರೂಸ್ ಆರ್ಟ್‌ವಿಕ್ ಎಂಬವರು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ, 1975ರಲ್ಲಿ, ಕಂಪ್ಯೂಟರಿನ ಮೇಲೆ ಹಾರಾಟದ ದೃಶ್ಯವನ್ನು ಮೂಡಿಸುವ ಬಗೆಗೆ ಪ್ರಬಂಧ ಬರೆದರು. ಅದೇ ಬೆಳೆದು 1982ರಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಆಗಿ ಮನೆಮನೆಗೆ ಬಂತು. ಆಗ ನೆಲವೆಂದರೆ ಕೆಲವು ಗೆರೆಗಳು, ಬೆಟ್ಟವೆಂದರೆ ಒಂದು ತ್ರಿಕೋನ. ಆಟ ಆರಂಭವಾಗುತ್ತಿದ್ದುದು ಶಿಕಾಗೋ ನಗರದ ಸರೋವರದ ದಂಡೆಯಲ್ಲಿದ್ದ ಮೀಗ್ಸ್ ಎಂಬ ಪುಟ್ಟ ವಿಮಾನ ನಿಲ್ದಾಣದಿಂದ. ಲೋಕದ ಲಕ್ಷಾಂತರ ಹವ್ಯಾಸಿಗಳು ಮೊದಲ ಸಲ ನೆಲ ಬಿಟ್ಟದ್ದು ಅಲ್ಲಿಂದ. 2003ರ ಮಾರ್ಚ್ ತಿಂಗಳ ಒಂದು ರಾತ್ರಿ ಆ ನಗರದ ಮೇಯರರು ಯಂತ್ರಗಳನ್ನು ಕಳಿಸಿ ಅದರ ರನ್‌ವೇಯನ್ನು ಅಗೆಸಿಹಾಕಿದರು. ನೆಲದ ಮೇಲೆ ಇಲ್ಲವಾದ ಆ ನಿಲ್ದಾಣ ಹಳೆಯ ಆಟಗಳಲ್ಲಿ ಇಂದೂ ಇದೆ, ಅಲ್ಲಿಂದ ವಿಮಾನಗಳು ಏರುತ್ತಲೂ ಇವೆ. ಅಣಕು ಹಾರಾಟದ ಶಕ್ತಿ ಎಲ್ಲಿದೆಯೆಂಬುದಕ್ಕೆ ಇದೊಂದು ನಿದರ್ಶನ. ಕಳೆದುಹೋದುದನ್ನು ಅದು ಉಳಿಸಿಕೊಳ್ಳುತ್ತದೆ. ನಮ್ಮ ಹುಡುಗನಂಥವರಿಗೆ ಕೈ ತಪ್ಪಿದ ಆಕಾಶವನ್ನೂ ಅದು ಒಂದಿಷ್ಟು ಉಳಿಸಿಕೊಟ್ಟಿದೆ.

ವೃತ್ತಿಪರರ ಯಂತ್ರಗಳ ಮಾತು ಬೇರೆ. ಆರು ಕಾಲುಗಳ ಮೇಲೆ ನಿಂತ ಕೊಠಡಿ ಅದು. ಒಳಗೆ ನಿಜವಾದ ವಿಮಾನದ ಮುಂಭಾಗವೇ ಇರುತ್ತದೆ. ವೇಗ ಹೆಚ್ಚಿದಂತೆ ತೋರಿಸಬೇಕಾದಾಗ ಯಂತ್ರ ಕೊಠಡಿಯನ್ನು ಮೆಲ್ಲನೆ ಹಿಂದಕ್ಕೆ ವಾಲಿಸುತ್ತದೆ. ಒಳಗಿರುವವನಿಗೆ ಬೆನ್ನು ಕುರ್ಚಿಗೆ ಒತ್ತಿ, ಮುಂದಕ್ಕೆ ನುಗ್ಗುತ್ತಿರುವೆನೆಂಬ ಭ್ರಮೆಯಾಗುತ್ತದೆ. ಭೂಮಿಯ ಸೆಳೆತವನ್ನೇ ವೇಗವೆಂದು ನಂಬಿಸುವ ಉಪಾಯ ಇದು. ಇದು ಸಾಧ್ಯವಾಗುವುದು ನಮ್ಮ ಕಿವಿ ಅಷ್ಟು ಸುಲಭವಾಗಿ ಮೋಸಹೋಗುವುದರಿಂದ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಬಳೆಗಳಂಥ ನಾಳಗಳಿವೆ. ನಾವು ತಿರುಗಿದಾಗ ಆ ದ್ರವ ಹಿಂದೆ ಉಳಿದು ತಿರುಗಿದ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಒಂದೇ ಸಮನೆ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿ ದ್ರವವೂ ಜೊತೆಗೇ ತಿರುಗಿ, ನಾವು ನೆಟ್ಟಗೆ ಹೋಗುತ್ತಿದ್ದೇವೆಂದೇ ಕಿವಿ ಹೇಳುತ್ತದೆ. ಮೋಡದೊಳಗೆ ಸಿಕ್ಕಿ ತನ್ನ ಮೈಯ ಮಾತನ್ನು ನಂಬಿದ ವೈಮಾನಿಕರು ಸುರುಳಿ ಸುತ್ತುತ್ತ ನೆಲಕ್ಕೆ ಬಿದ್ದದ್ದು ಈ ಕಾರಣದಿಂದಲೇ. ಅದಕ್ಕಾಗಿ ಮೈಯನ್ನು ನಂಬದೆ ಮೀಟರನ್ನು ನಂಬುವ ಅಭ್ಯಾಸವನ್ನು ಅಣಕು ಯಂತ್ರದಲ್ಲಿ ಮಾಡಿಸುತ್ತಾರೆ. ಹೊರಗೆ ನೋಡು ಎಂಬುದೂ ಪಾಠ, ಮೀಟರ್ ನೋಡು ಎಂಬುದೂ ಪಾಠ. ಯಾವಾಗ ಯಾವುದು ಎಂಬುದೇ ವಿವೇಕ.

ಎಂಜಿನ್ನಿಗೆ ಬೆಂಕಿ, ರೆಕ್ಕೆಗೆ ಹಿಮ ಮುಂತಾದ ಆಪತ್ತುಗಳನ್ನು ಆಕಾಶದಲ್ಲಿ ಬೇಕೆಂದು ತಂದುಕೊಂಡು ಕಲಿಯಲಾಗದು. ಇಂಥ ಪಾಠಕ್ಕೆ ಅಣಕು ಯಂತ್ರವೇ ಗುರು. ಆದರೆ ಅದರ ಎಲ್ಲೆಯೂ ಒಂದು ಪ್ರಸಂಗದಲ್ಲಿ ಚೆನ್ನಾಗಿ ಕಂಡಿತು. 2009ರ ಜನವರಿ 15ರಂದು ನ್ಯೂಯಾರ್ಕಿನಿಂದ ಮೇಲೆದ್ದ ವಿಮಾನವೊಂದಕ್ಕೆ ಹಕ್ಕಿಗಳ ಹಿಂಡು ಬಡಿದು ಎರಡೂ ಎಂಜಿನ್‌ಗಳ ಶಕ್ತಿ ಉಡುಗಿತು. ಕ್ಯಾಪ್ಟನ್ ಸಲೆನ್‌ಬರ್ಗರ್ ಅದನ್ನು ಹಡ್ಸನ್ ನದಿಯ ಮೇಲೆ ಇಳಿಸಿದರು; ಒಳಗಿದ್ದ 155 ಜನರೂ ಉಳಿದರು. ಹಿಂದಕ್ಕೆ ತಿರುಗಿ ನಿಲ್ದಾಣಕ್ಕೇ ಹೋಗಬಹುದಾಗಿತ್ತೇ ಎಂದು ತನಿಖೆಯವರು ಅಣಕು ಯಂತ್ರದಲ್ಲಿ ಪರೀಕ್ಷಿಸಿದರು. ಹಕ್ಕಿ ಬಡಿದ ಕ್ಷಣದಲ್ಲಿಯೇ ತಿರುಗಿದವರಲ್ಲಿ ಕೆಲವರಿಗೆ ಅದು ಸಾಧ್ಯವಾಯಿತು. ಆದರೆ ಏನಾಯಿತೆಂದು ಗ್ರಹಿಸಲು, ನಿರ್ಧರಿಸಲು ಮನುಷ್ಯನಿಗೆ ಬೇಕಾಗುವ 35 ಸೆಕೆಂಡುಗಳನ್ನು ಸೇರಿಸಿ ಪ್ರಯತ್ನಿಸಿದಾಗ ವಿಮಾನ ನಿಲ್ದಾಣವನ್ನು ಮುಟ್ಟಲಿಲ್ಲ. ಯಂತ್ರದೊಳಗೆ ಕುಳಿತವರಿಗೆ ಏನಾಗಲಿದೆಯೆಂಬುದು ಮೊದಲೇ ಗೊತ್ತಿತ್ತು. ಆಕಾಶದಲ್ಲಿದ್ದವರಿಗೆ ಗೊತ್ತಿರಲಿಲ್ಲ. ಆ 35 ಸೆಕೆಂಡುಗಳ ದಿಗ್ಭ್ರಮೆ ಮತ್ತು ಹೊಣೆ, ನಿಜವಾದ ಹಾರಾಟವೆಂದರೆ ಅದೇ.

ನಮ್ಮ ನಾಡಿನ ನೋವಿನ ಉದಾಹರಣೆಯೂ ಇದೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನ ಗುಡ್ಡದ ತುದಿಯ ರನ್‌ವೇಯನ್ನು ದಾಟಿ ಕಣಿವೆಗೆ ಬಿತ್ತು. 158 ಜನ ಸತ್ತರು, ಎಂಟು ಮಂದಿ ಮಾತ್ರ ಬದುಕಿದರು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಿರೆಂದು ಸಹವೈಮಾನಿಕ ಎಚ್ಚರಿಸಿದ್ದನ್ನು ತನಿಖೆಯ ವರದಿ ದಾಖಲಿಸಿದೆ. ಕಂಪ್ಯೂಟರಿನಲ್ಲಿ ಇಳಿಯುವುದು ತಪ್ಪಿದರೆ ಒಂದು ಗುಂಡಿ ಒತ್ತಿ ಮೊದಲಿನಿಂದ ಆರಂಭಿಸಬಹುದು. ಆ ಬೆಳಗಿನ ಜಾವದ ವಿಮಾನಕ್ಕೆ ಅಂಥ ಗುಂಡಿಯಿರಲಿಲ್ಲ.

ಈಗ ದೇವದುರ್ಗದ ಕೋಣೆಗೆ ಮರಳುತ್ತೇನೆ. ಕಳೆದ ಬೇಸಗೆಯ ಒಂದು ರಾತ್ರಿ ಹುಡುಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಮ್ಮ ಎಡೆದೊರೆ ನಾಡಿನ ಮೇಲೆ ಹಾರಿಸಿದ. ಈಚಿನ ಆಟಗಳಲ್ಲಿ ಉಪಗ್ರಹಗಳು ತೆಗೆದ ಚಿತ್ರಗಳಿಂದ ಇಡೀ ಭೂಮಿಯನ್ನು ಹೆಣೆದಿದ್ದಾರೆ. ಉತ್ತರಕ್ಕೆ ಕೃಷ್ಣೆ, ಅವಳನ್ನು ಕೂಡುವ ಭೀಮೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ಹೊಳೆಗಳ ನಡುವಿನ ನಾಡೆಂದು ಹಳಗನ್ನಡದವರು ನಮ್ಮ ಸೀಮೆಗೆ ಏಕೆ ಎಡೆದೊರೆಯೆಂದರೆಂಬುದು ನನಗೆ ಅಂದು ಕಣ್ಣಾರೆ ತಿಳಿಯಿತು. ಅರವತ್ತು ವರ್ಷ ನೆಲದ ಮೇಲೆ ಬದುಕಿ ಕಾಣದುದನ್ನು ಅರ್ಧ ಗಂಟೆಯಲ್ಲಿ ಒಂದು ಪರದೆ ತೋರಿಸಿತು. ಆಟವೆಂದು ಹಳಿಯುವವರು ಇದನ್ನು ಮರೆಯಬಾರದು.

ಮಾನ್ವಿಯ ಮೇಲೆ ಬಂದೆವು. ‘ಅಗೋ ನಮ್ಮ ಹೊಲ’ ಎಂದ ಹುಡುಗ. ಹೊಲ ಹಚ್ಚಗೆ ಕಾಣುತ್ತಿತ್ತು. ಮನೆಯಿದ್ದ ಜಾಗದಲ್ಲಿ ಮಾತ್ರ ಯಂತ್ರ ತನಗೆ ತೋಚಿದ ಯಾವುದೋ ದೇಶದ ಇಳಿಜಾರು ಹೆಂಚಿನ ಮನೆಯೊಂದನ್ನು ಕಟ್ಟಿ ನಿಲ್ಲಿಸಿತ್ತು. ನಕ್ಕೆವು. ಮತ್ತೆ ನಾನು ಆ ಹಸಿರನ್ನೇ ನೋಡಿದೆ. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗ. ಮೇಲಿನವರಿಗೆ ಹರಿದು ಉಳಿದರೆ ನಮಗೆ ನೀರು. ಆ ಬೇಸಗೆಯಲ್ಲಿ ಹೊಲ ಬಿರುಕು ಬಿಟ್ಟಿತ್ತು. ಎಂದೋ ಒಳ್ಳೆಯ ವರ್ಷದಲ್ಲಿ ಉಪಗ್ರಹ ತೆಗೆದ ಚಿತ್ರದಲ್ಲಿ ನನ್ನ ತಮ್ಮನ ಹೊಲ ಎಂದೆಂದಿಗೂ ಹಸಿರು. ‘ನಿಮ್ಮಪ್ಪಗ ತೋರಿಸೀಯೇನು?’ ಎಂದೆ. ‘ತೋರಿಸಿದೆ ದೊಡ್ಡಪ್ಪ. ಇಲ್ಯಾರ ನೀರು ಬಂದದಲ್ಲ ಅಂದ’ ಎಂದ. ಆ ಮಾತಿನ ನಂತರ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ರಾಯಚೂರಿನ ಬಳಿ ಬಯಲಿನಲ್ಲಿ ಇಳಿಸಹೋಗಿ ಅಂದು ವಿಮಾನ ಬಿತ್ತು. ಪರದೆ ಕಪ್ಪಾಯಿತು. ಮತ್ತೆ ಆರಂಭಿಸುವೆಯಾ ಎಂದು ಯಂತ್ರ ಕೇಳಿತು. ಹುಡುಗ ಅದನ್ನು ಆರಿಸಿ, ಒಂದು ಹಳೆಯ ನೋಟುಬುಕ್ಕು ತೆಗೆದು ತಾರೀಖು ಬರೆದ. ಅದೇನೆಂದು ಕೇಳಿದೆ.

‘ಬಿದ್ದ ದಿನ ಬರಕೋತೀನಿ. ಯಾಕ ಬಿತ್ತು ಅಂತ ಬರೀತೀನಿ. ಆಮ್ಯಾಲ ಒಂದು ವಾರ ಮುಟ್ಟಂಗಿಲ್ಲ.’

‘ಯಾರು ಹೇಳ್ಯಾರ ನಿನಗ?’

‘ಯಾರೂ ಹೇಳಿಲ್ಲ. ಬಿದ್ರ ಏನೂ ಆಗಂಗಿಲ್ಲ ಅಂದ್ರ ಅದು ಹಾರಿಸಿದಂಗ ಆಗಂಗಿಲ್ಲ ದೊಡ್ಡಪ್ಪ. ಏನರ ಆಗಬೇಕು. ಅದಕ್ಕ ನಾನ ಮಾಡಿಕೊಂಡೀನಿ.’

ಸ್ವಲ್ಪ ತಡೆದು ಇನ್ನೊಂದು ಮಾತು ಹೇಳಿದ: ‘ಡಾಕ್ಟರು ಬ್ಯಾಡ ಅಂದಿದ್ದು ನನ್ನ ಮ್ಯಾಗಿನ ಸಿಟ್ಟಿನಿಂದಲ್ಲ. ಕೆಳಗಿರೋರ ಸಲುವಾಗಿ.’

ಮಿತ್ರರೇ, ಆ ಹುಡುಗನ ಮೊದಲ ಮಾತಿಗೆ ನನಗೆ ಅಂದು ಅರ್ಥ ಸಿಕ್ಕಿತು. ನಮ್ಮ ರಾಯಚೂರಿನ ಕೋಟೆಯನ್ನು ನೋಡಿದವರಿಗೆ ಗೋಡೆಯಲ್ಲಿರುವ ಭಾರಿ ಕಲ್ಲೊಂದು ನೆನಪಿರಬಹುದು. ಉದ್ದ 41 ಅಡಿಗೂ ಹೆಚ್ಚು. 1294ರಲ್ಲಿ ಕೋಟೆ ಕಟ್ಟಿದ ಸಂಗತಿಯನ್ನು ಅದರ ಮೇಲಿನ ಶಾಸನ ಹೇಳುತ್ತದೆ. ಆ ಕಲ್ಲನ್ನು ಬಂಡಿಯ ಮೇಲೇರಿಸಿ, ಕೋಣಗಳ ಉದ್ದ ಸಾಲು ಹೂಡಿ, ಜನ ಸನ್ನೆಗೋಲು ಹಾಕಿ ತಳ್ಳುತ್ತ ತಂದ ಬಗೆಯನ್ನೂ ಅಲ್ಲಿಯೇ ಚಿತ್ರವಾಗಿ ಕೊರೆದಿದ್ದಾರೆ. ಚಿಕ್ಕಂದಿನಿಂದ ನಾನು ಆ ಚಿತ್ರವನ್ನು ನೋಡಿದ್ದೇನೆ. ಚಿತ್ರದಿಂದ ಕಲ್ಲು ಎಳೆಯುವ ಕ್ರಮ ತಿಳಿಯುತ್ತದೆ. ಕಲ್ಲಿನ ಭಾರ ತಿಳಿಯುವುದು ಪಕ್ಕದ ಕಲ್ಲನ್ನು ಮುಟ್ಟಿದಾಗ. ಚಿತ್ರ ಸುಳ್ಳಲ್ಲ, ಆದರೆ ಅದಕ್ಕೆ ತೂಕವಿಲ್ಲ.

ಅಣಕು ಹಾರಾಟವೂ ಹೀಗೆಯೇ. ಅದು ಕ್ರಮವನ್ನು ಕಲಿಸುತ್ತದೆ, ದೇಶವನ್ನು ತೋರಿಸುತ್ತದೆ, ದೇಹವೋ ದುಡ್ಡೋ ಊರೋ ಅಡ್ಡ ನಿಂತವರಿಗೆ ಒಂದು ಕಿಟಕಿಯನ್ನು ತೆರೆಯುತ್ತದೆ. ಅದನ್ನು ಕೀಳೆಂದು ಕಾಣುವುದು ತಪ್ಪು. ಅದನ್ನೇ ಹಾರಾಟವೆಂದು ತಿಳಿಯುವುದೂ ತಪ್ಪು. ಹಾರಾಟಕ್ಕೆ ತೂಕ ಬರುವುದು ಹೊಣೆಯಿಂದ. ಆ ಹೊಣೆಯನ್ನು ಯಾವ ಯಂತ್ರವೂ ಒದಗಿಸಲಾರದು. ಮನುಷ್ಯ ತಾನೇ ತಂದುಕೊಳ್ಳಬೇಕು. ದೇವದುರ್ಗದ ಬಾಡಿಗೆಯ ಕೋಣೆಯಲ್ಲಿ, ಯಾರೂ ನೋಡದಿದ್ದಾಗ, ಯಾರಿಗೂ ಪೆಟ್ಟಾಗದ ಒಂದು ತಪ್ಪಿಗಾಗಿ ವಾರವೊಂದನ್ನು ಬಿಟ್ಟುಕೊಡುವ ಆ ಗುಮಾಸ್ತನನ್ನು ನಾನು ವೈಮಾನಿಕನೆಂದೇ ಎಣಿಸುತ್ತೇನೆ. ಅವನು ಆಕಾಶಕ್ಕೆ ಏರಲಾರ. ಆದರೆ ಕೆಳಗಿರುವವರನ್ನು ಅವನು ಮರೆತಿಲ್ಲ.